ಹಿಂದಿನ ಸೀಟಿಲ್ಲದ ಗಾಡಿ

ನಮ್ಮ ಗಾಡಿಯನ್ನು ಮೊದಲ ಸಲ ನೋಡಿದವರು ಕೇಳುವ ಪ್ರಶ್ನೆ ಒಂದೇ: "ಹಿಂದ ಎಲ್ಲಿ ಕೂಡ್ಬೇಕ್ರಿ?" ಹಿಂದೆ ಕೂರಲು ಜಾಗವೇ ಇಲ್ಲ. ಇರುವುದು ಎರಡು ಸೀಟು, ಎರಡೂ ಮುಂದೆ. ಸೀಟಿನ ಬೆನ್ನಿಗೆ ಮಡಚಿಟ್ಟ ಕ್ಯಾನ್ವಾಸ್ ಮುಚ್ಚಿಗೆ ಇದೆ, ಅದನ್ನು ನಾನು ಮಳೆಗಾಲ ಬಿಟ್ಟರೆ ಬಿಚ್ಚುವುದಿಲ್ಲ. ಅದರಾಚೆ ಒಂದು ಚೀಲ ಜೋಳವೂ ಹಿಡಿಯದ ಡಿಕ್ಕಿ. ನಾನು ಹುಟ್ಟುವ ಮೊದಲೇ ಇಂಗ್ಲೆಂಡಿನಲ್ಲಿ ತಯಾರಾದ ತೆರೆದ ಕಾರು ಅದು. ಬಣ್ಣ ಹಸಿರು. ಎಳೆ ತೊಗರಿ ಎಲೆಯ ಹಸಿರಲ್ಲ, ಹಳೆಯ ಬಾವಿಯ ನೀರಿನ ಹಸಿರು. ಮನೆಗೆ ಬಂದ ಬೀಗರು ಬಿಜ್ಜರು ಅದರ ಸುತ್ತ ಒಂದು ಸುತ್ತು ಹಾಕಿ, ಕೊನೆಗೆ ಮೂಗು ಮುರಿಯುತ್ತಾರೆ. ಸಂಸಾರಸ್ಥರ ಗಾಡಿ ಅಲ್ಲ ಇದು ಎನ್ನುವುದು ಅವರ ತೀರ್ಪು. ಆ ಮಾತು ನನಗೂ ಒಪ್ಪಿಗೆಯೇ.

ನನ್ನ ಗಂಡ ಬಸವಕಲ್ಯಾಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಶೆಡ್ ಇಟ್ಟಿದ್ದರು. ಒಮ್ಮೆ ಬಿಡಿಭಾಗ ತರಲು ಹೈದರಾಬಾದಿಗೆ ಹೋದವರು, ಯಾವುದೋ ಹಳೆಯ ಬಂಗಲೆಯ ಹಿಂದೆ ಕೋಳಿಗಳು ಮೊಟ್ಟೆ ಇಡುತ್ತಿದ್ದ ಈ ಗಾಡಿಯನ್ನು ನೋಡಿ, ಬಿಡಿಭಾಗ ಮರೆತು ಇದನ್ನೇ ತಂದರು. ತೊಗರಿಬೇಳೆ ಇಳಿಸಿ ಖಾಲಿ ಬರುತ್ತಿದ್ದ ಲಾರಿಯ ಮೇಲೆ ಅದು ನಮ್ಮ ಓಣಿಗೆ ಬಂತು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಕುತೂಹಲ ತಡೆಯಲಾಗದೆ ಶೆಡ್ಡಿಗೆ ಹೋಗಿ ಸ್ಪ್ಯಾನರ್ ಹಿಡಿದೆ. ಬಹಳ ವರ್ಷ ಸಂಜೆ ಹೊತ್ತು ನಮಗೆ ಅದೇ ಕೆಲಸವಾಯಿತು. ಬೇರೆ ಗಂಡ ಹೆಂಡತಿ ಊಟಕ್ಕೆ ಕೂತು ಮಾತಾಡಿದರೆ ನಾವು ಗಾಡಿಯ ಕೆಳಗೆ ಮಲಗಿ ಮಾತಾಡುತ್ತಿದ್ದೆವು.

ನಡೆಸಲು ಕಲಿಸಿದವರೂ ಅವರೇ. ಉಳಿದ ಕಾರು ನಡೆಸುವುದು ಬೇರೆ, ಇದನ್ನು ನಡೆಸುವುದು ಬೇರೆ ಎಂದು ಅವತ್ತೇ ತಿಳಿಯಿತು. ಬೆಳಿಗ್ಗೆ ಚೋಕ್ ಎಳೆದು ರಮಿಸಬೇಕು. ಪೂರ್ತಿ ನಿಂತ ಮೇಲಷ್ಟೇ ಮೊದಲನೆಯ ಗೇರ್ ಹಾಕಬೇಕು. ಅವಸರ ಮಾಡಿದರೆ ಓಣಿಗೆಲ್ಲ ಕೇಳುವಂತೆ ಬಯ್ಯುತ್ತದೆ. ಈಗಿನ ಕಾರುಗಳು ನೀವು ತಪ್ಪು ಮಾಡಿದರೂ ಸುಮ್ಮನೆ ತಿದ್ದಿಕೊಂಡು ಹೋಗುತ್ತವೆ, ಇದಕ್ಕೆ ಆ ಸೌಜನ್ಯ ಇಲ್ಲ. ನೀವು ಮಾಡಿದ್ದನ್ನೇ ಅದು ಮಾಡುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನನ್ನಂಥ ಸಿಟ್ಟಿನ ಹೆಂಗಸಿಗೆ ಅದು ತುಂಬ ಹಿಡಿಸಿತು.

ಇನ್ನೊಂದು ಸುಖ ಅದರ ಎತ್ತರ. ಎತ್ತರ ಎನ್ನುವುದೇ ತಪ್ಪು, ತಗ್ಗು ಎನ್ನಬೇಕು. ರಸ್ತೆಯ ಮೇಲೆ ಚಾಪೆ ಹಾಸಿ ಕೂತಂತೆ ಕೂರುತ್ತೀರಿ. ಕೈ ಹೊರಗೆ ಇಳಿಬಿಟ್ಟರೆ ನೆಲ ಸಿಗುವುದೊಂದು ಬಾಕಿ. ಅರವತ್ತರ ವೇಗದಲ್ಲಿ ಹೋದರೂ ನೂರರಲ್ಲಿ ಹೋದ ಹಾಗೆ ಮೈ ಜುಮ್ ಎನ್ನುತ್ತದೆ. ಹಳ್ಳಿಖೇಡದ ದಾರಿ ಹಿಡಿದರೆ ಸಕ್ಕರೆ ಕಾರ್ಖಾನೆ ಕಣ್ಣಿಗೆ ಬೀಳುವ ಮೊದಲೇ ಕಾಕಂಬಿಯ ವಾಸನೆ ಮೂಗಿಗೆ ಬರುತ್ತದೆ. ಮುಡಬಿ ಕಡೆ ಹೋದರೆ ಒಣ ಹೊಲದ ಧೂಳು ಹಲ್ಲಿಗೆ ಸಿಗುತ್ತದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇದ್ದರಂತೂ ಒಂದೆರಡು ಗಳ ಕಬ್ಬು ಜಾರಿ ನೇರ ತೊಡೆಯ ಮೇಲೆಯೇ ಬಿದ್ದದ್ದುಂಟು. ಮುಚ್ಚಿದ ಕಾರಿನಲ್ಲಿ ಹೋಗುವವರು ಊರು ನೋಡುತ್ತಾರೆ. ಇದರಲ್ಲಿ ಹೋದರೆ ಊರೇ ನಮ್ಮನ್ನು ಮುಟ್ಟಿ ಮಾತಾಡಿಸುತ್ತದೆ. ಕಿಟಕಿ ಏರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಮನ್ನಾಏಖೇಳ್ಳಿ ಬಸ್‌ಸ್ಟ್ಯಾಂಡಿನ ಮುಂದೆ ವೇಗ ತಗ್ಗಿಸಿದರೆ ಸಾಕು, ಚಹಾ ಕುಡಿಯುತ್ತ ನಿಂತವರೆಲ್ಲ ಒಟ್ಟಿಗೆ ಕೇಳುತ್ತಾರೆ: "ಎಲ್ಲಿ ಹೊಂಟ್ರಿ?" ಉತ್ತರ ಹೇಳದೆ ಮುಂದೆ ಹೋದರೆ ಅದು ಸೊಕ್ಕು. ಹಾಗಾಗಿ ನಾನು ಹೇಳಿಯೇ ಹೋಗುತ್ತೇನೆ.

ಗಂಡ ಹೃದಯ ನಿಂತು ಹೋದಾಗ ಮಗಳು ಕಾಲೇಜಿನಲ್ಲಿದ್ದಳು. ಶೆಡ್ ಮುಚ್ಚಿ ನಾನು ಬೀಜ, ಗೊಬ್ಬರದ ಅಂಗಡಿ ತೆರೆದೆ. ಗಾಡಿ ಮಾರಿಬಿಡು ಎಂದು ಹೇಳದವರಿಲ್ಲ. ವಿಧವೆಗೆ ಬುಲೆಟ್ ಬೇಡ, ಟ್ರ್ಯಾಕ್ಟರ್ ಬೇಡ, ಇನ್ನು ತಲೆ ಮೇಲೆ ಛತ್ತೇ ಇಲ್ಲದ ಈ ಗಾಡಿ ಯಾಕೆ ಎಂದು. ಯಾರ ಮಾತಿಗೂ ನಾನು ಕಿವಿಗೊಡಲಿಲ್ಲ. ಭಾನುವಾರ ಅಂಗಡಿ ಮುಚ್ಚಿ ಹೆದ್ದಾರಿಗೆ ಹೋಗಿ ಬಂದರೆ ಇಡೀ ವಾರದ ಬೇಸರ ಅಲ್ಲೇ ಉದುರುತ್ತಿತ್ತು. ಅವರು ಬಾಜೂಕೆ ಕೂತು "ಗೇರ್, ಗೇರ್" ಎನ್ನುತ್ತಿದ್ದಾರೆ ಎಂದು ಅನಿಸುತ್ತಿತ್ತು.

ಆದರೆ ಒಂದು ವಿಷಯದಲ್ಲಿ ನನ್ನ ಧೈರ್ಯ ಕೈಕೊಡುತ್ತಿತ್ತು. ನಾವು ಶರಣರ ಊರಿನವರು. ಬಾಯಲ್ಲಿ ಶರಣರು, ಬಾಗಿಲಲ್ಲಿ ಶಕುನ. ಗಂಡ ಹೋದವಳನ್ನು ನಮ್ಮಲ್ಲಿ ಯಾರೂ "ಹಿಂದೆ ನಿಲ್ಲು" ಎನ್ನುವುದಿಲ್ಲ, ಹಾಗೆ ಅನ್ನುವ ಮೊದಲೇ ಅವಳು ನಿಂತಿರುತ್ತಾಳೆ. ಅಂಗಡಿಯಲ್ಲಿ ಗಂಡಸರನ್ನು ಗದರಿಸುವ ನಾನೂ ಅಷ್ಟೇ. ಯಾರದಾದರೂ ಮನೆಯಲ್ಲಿ ಆರತಿ ತಟ್ಟೆ ಹೊರಬಂತು ಎಂದರೆ ನನ್ನ ಕಾಲು ತಾನಾಗಿ ಅಡುಗೆಮನೆ ಕಡೆ ಹೋಗುತ್ತಿತ್ತು. ಇದು ಯಾವಾಗ ಅಭ್ಯಾಸವಾಯಿತೋ ತಿಳಿಯದು. ನೆನೆದಾಗ ನಾಚಿಕೆಯಾಗುತ್ತಿತ್ತು, ಮುಂದಿನ ಸಲ ಮತ್ತೆ ಅಡುಗೆಮನೆಯಲ್ಲೇ ಇರುತ್ತಿದ್ದೆ.

ತೆರೆದ ಗಾಡಿ ಎಂದ ಮೇಲೆ ಮದುವೆಯವರು ಬಿಡುತ್ತಾರೆಯೇ? ಮದುಮಗನ ಮೆರವಣಿಗೆಗೆ ಕೊಡಿ ಎಂದು ಪ್ರತಿ ಲಗ್ನದ ಹಂಗಾಮಿನಲ್ಲೂ ಯಾರಾದರೂ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಚಹಾ ಕುಡಿಸಿ ಕಳಿಸುತ್ತಿದ್ದೆ. ಗಾಡಿ ಇರುವುದು ಓಡಲು, ಬ್ಯಾಂಡಿನ ಹಿಂದೆ ನಡೆಯಲು ಅಲ್ಲ ಎನ್ನುವುದು ನನ್ನ ನಿಯಮ. ಹೀಗಾಗಿ ಅದಕ್ಕೆ ಆಯುಧಪೂಜೆಯ ಒಂದೆಳೆ ಹೂವು ಬಿಟ್ಟರೆ ಶೃಂಗಾರ ಎಂಬುದೇ ಗೊತ್ತಿರಲಿಲ್ಲ.

ನಿಯಮ ಮುರಿದದ್ದು ನನ್ನ ಮಗಳು. ಅವಳು ದನದ ಡಾಕ್ಟರ್. ಹುಮನಾಬಾದಿನ ಮನೆತನವೊಂದಕ್ಕೆ ಅವಳನ್ನು ಕೊಟ್ಟೆವು, ಮದುವೆ ಗಂಡಿನ ಊರಿನಲ್ಲಿ ಎಂದಾಯಿತು. ಹೆಣ್ಣಿನ ದಿಬ್ಬಣ ಹೇಗೆ ಹೋಗಬೇಕೆಂದು ಹಿರಿಯರು ಮಾತಾಡುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿದಳು.

"ನಾ ಹೋದ್ರ ಅಪ್ಪನ ಗಾಡ್ಯಾಗೇ ಹೋಗಾಕಿ. ಅವ್ವಾ, ನೀನೇ ಹೊಡಿಬೇಕು."

ನನ್ನ ನಾದಿನಿ, ಎಂದರೆ ಗಂಡನ ಅಕ್ಕ, ಸುಣ್ಣ ಹಚ್ಚುತ್ತಿದ್ದ ವೀಳ್ಯದೆಲೆಯನ್ನು ಕೆಳಗಿಟ್ಟರು. ಮದುವೆಯ ಯಜಮಾನಿಕೆ ಅವರದೇ. "ಮದಿಮಗಳ ಬಾಜೂಕ ನಿಮ್ಮವ್ವ ಕೂಡ್ತಾಳ? ಅದು ಮುತ್ತೈದೇರು ಕೂಡೋ ಜಾಗ. ಬೀಗರು ಆರತಿ ಹಿಡ್ಕೊಂಡು ಬರ್ತಾರ, ನಾಕ್ ಮಂದಿ ಏನಂತಾರ?"

"ಆ ಜಾಗದಾಗ ಸ್ಟೇರಿಂಗ್ ಅದ ಅಕ್ಕಾ," ಎಂದೆ ನಾನು. "ಯಾವ ಮುತ್ತೈದಿಗಿ ಹೊಡ್ಯಾಕ ಬರ್ತದ ಕೇಳ್ರಿ."

ಎಲ್ಲರೂ ನಕ್ಕರು, ಅವರು ನಗಲಿಲ್ಲ. ನಾದಿನಿ ಕೆಟ್ಟವರೆಂದು ಯಾರೂ ತಿಳಿಯಬಾರದು. ಗಂಡ ಹೋದಾಗ ತಮ್ಮ ಮನೆ ಬಿಟ್ಟು ಬಂದು ನನ್ನ ಬಗಲಲ್ಲೇ ಮಲಗಿ, ನಾನು ಎದ್ದು ಕೂತಾಗಲೆಲ್ಲ ನೀರು ಕೊಟ್ಟವರು ಅವರು. ಅವರಿಗೆ ಇದ್ದದ್ದು ಹೆದರಿಕೆ. ಈ ಹುಡುಗಿಯ ಬಾಳಿಗೆ ಯಾವ ನೆರಳೂ ಬೀಳಬಾರದು ಎಂಬ ಹೆದರಿಕೆ. ಆ ನೆರಳು ನಾನೇ ಆಗಿದ್ದೆ.

ಕೊನೆಗೊಂದು ರಾಜಿಯಾಯಿತು. ಹುಮನಾಬಾದಿನ ಹೊರಗೆ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲಿಯವರೆಗೆ ನಾನು ನಡೆಸುವುದು. ಅಲ್ಲಿ ನಾನಿಳಿದು ಸಾಮಾನಿನ ಜೀಪು ಹತ್ತುವುದು. ನನ್ನ ಮೈದುನ ಸ್ಟೇರಿಂಗ್ ಹಿಡಿದು ಮದುಮಗಳನ್ನು ಮಂಟಪಕ್ಕೆ ಒಯ್ಯುವುದು. ಮದುವೆ ಮನೆಯಲ್ಲಿ ಜಗಳ ಬೇಡವೆಂದು ನಾನು ಹೂಂ ಅಂದೆ. ಮಗಳು ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು.

ಮದುವೆಯ ದಿನ ಬೆಳಿಗ್ಗೆ ನಾನೇ ನೀರು, ಆಯಿಲ್ ಎಲ್ಲ ನೋಡಿ, ಇಂಜಿನ್ ಒಮ್ಮೆ ಕೇಳಿ, ಮಗಳಿಗೆ ಸೀರೆ ಉಡಿಸಲು ಒಳಗೆ ಹೋದೆ. ಅಷ್ಟರಲ್ಲಿ ನಾದಿನಿ ತಮ್ಮ ಗಂಡುಮಕ್ಕಳನ್ನು ಶೃಂಗಾರಕ್ಕೆ ಹಚ್ಚಿದ್ದರು. "ಗಾಡಿ ಮಾರಿ ಮೂತಿ ಕಾಣಬಾರದು, ಬರೇ ಹೂವ ಕಾಣಬೇಕು" ಎಂದು ಅವರ ಅಪ್ಪಣೆಯಂತೆ. ಚೆಂದದ ಗಾಡಿಗೆ ಬೇಗ ದೃಷ್ಟಿ ತಾಗುತ್ತದೆ ಎನ್ನುವುದು ಅವರ ಲೆಕ್ಕ. ಚೆಂಡು ಹೂವಿನ ಮಾಲೆಗಳು ಒಂದರ ಮೇಲೊಂದು, ಮುಂದಿನ ಜಾಲರಿ ತುಂಬ, ನಾಲ್ಕು ಬೆರಳು ದಪ್ಪ. ಅವುಗಳ ಮೇಲೆ ಮಾವಿನ ತೋರಣ, ನಿಂಬೆಹಣ್ಣು, ಮೆಣಸಿನಕಾಯಿ. ಹೊರಗೆ ಬಂದು ನೋಡಿದ ನನಗೆ ಕಣ್ಣು ತುಂಬಿ ಬಂತೇ ಹೊರತು ತಲೆ ಓಡಲಿಲ್ಲ. ಗಂಡ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರು ಎಂದಷ್ಟೇ ಅಂದುಕೊಂಡು ಕೂತೆ.

ಓಣಿಯಿಂದ ಊರ ಹೊರಗಿನ ತನಕ ಬ್ಯಾಂಡಿನ ಹಿಂದೆ ಮೆಲ್ಲಗೆ ನಡೆದೆವು. ಶಾಖದ ಮೀಟರಿನ ಮುಳ್ಳು ಏರತೊಡಗಿತ್ತು. ಮೆಲ್ಲಗೆ ಹೋದರೆ ಅದು ಏರುವುದೇ, ಬಯಲಿಗೆ ಬಿದ್ದರೆ ಇಳಿಯುತ್ತದೆ ಎಂದು ನನ್ನ ಅನುಭವ. ಹೆದ್ದಾರಿಗೆ ಬಂದರೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರೇಲರ್. ಮುಳ್ಳು ಇಳಿಯಲಿಲ್ಲ. ರಾಜೇಶ್ವರ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಬಾನೆಟ್ಟಿನ ಸಂದಿಯಿಂದ ಬುಸ್ ಎಂದು ಹಬೆ ಎದ್ದಿತು. ಬದಿಗೆ ತೆಗೆದು ಇಂಜಿನ್ ಆರಿಸಿದೆ. ಹಿಂದಿನ ಬಸ್ಸು, ಜೀಪು, ನಾದಿನಿ ಗೊತ್ತು ಮಾಡಿದ್ದ ಬಿಳಿಯ ಕಾರು ಎಲ್ಲವೂ ಸಾಲಾಗಿ ನಿಂತವು.

ನಾದಿನಿ ಬಸ್ಸಿನಿಂದ ಇಳಿದು ಓಡಿ ಬಂದರು. "ನಾ ಹೇಳಿದ್ನಿಲ್ಲ? ನಡು ದಾರ್ಯಾಗ ನಿಂತಿತು ನೋಡು. ಹಿಂಗಾಗ್ತದಂತ ನನ್ನ ಜೀವ ಹೇಳಾಕತ್ತಿತ್ತು."

ಯಾವುದರಿಂದ ಹೀಗಾಯಿತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಸುತ್ತ ನಿಂತವರು ಯಾರೂ ನನ್ನತ್ತ ನೋಡಲಿಲ್ಲ, ಅದರಿಂದಲೇ ಎಲ್ಲರಿಗೂ ಅರ್ಥವಾಗಿದೆ ಎಂದು ನನಗೆ ಗೊತ್ತಾಯಿತು. ಒಂದು ಕ್ಷಣ, ಬರೀ ಒಂದು ಕ್ಷಣ, ನನಗೂ ಹಾಗೇ ಅನಿಸಿತು.

ಎದ್ದು ಗಾಡಿಯ ಮುಂದೆ ಹೋದೆ. ಮಾಲೆಗಳ ಸಂದಿಯಲ್ಲಿ ಕೈಯಿಟ್ಟು ನೋಡಿದೆ. ಆಮೇಲೆ ನನಗೆ ಬಂದದ್ದು ನಗು. ಇಷ್ಟು ವರ್ಷ ಬೋಲ್ಟು ಬೋಲ್ಟು ಬಿಚ್ಚಿದ ನನಗೆ ಇದು ಹೊಳೆಯಲಿಲ್ಲವಲ್ಲ! ಒಂದೊಂದೇ ಮಾಲೆ ಕಿತ್ತು ತೆಗೆದೆ. ಒಳಗಿನ ಹೂವುಗಳು ರೇಡಿಯೇಟರಿನ ಕಾವಿಗೆ ಬೆಂದು ಪಲ್ಯದ ಹಾಗಾಗಿದ್ದವು. ಒಂದು ಹಿಡಿ ನಾದಿನಿಯ ಅಂಗೈಗೆ ಹಾಕಿದೆ.

"ಮುಟ್ಟಿ ನೋಡ್ರಿ ಅಕ್ಕಾ. ಗಾಡಿ ಗಾಳಿ ತಗೊಳ್ಳೋದು ಇಲ್ಲಿಂದ. ಮೂಗು ಬಾಯಿ ಎಲ್ಲಾ ಕಟ್ಟೀರಿ. ಯಾರ್ ಹೊಡುದ್ರೂ ನಿಲ್ತಿತ್ತು. ನನ್ನ ಹಣಿ ನೋಡಿ ನಿಂತಿಲ್ಲ ಅದು."

ಅಷ್ಟು ಜನರ ಎದುರು ನಾನು ಈ ಮಾತನ್ನು ಎಂದೂ ಆಡಿರಲಿಲ್ಲ. ನಾದಿನಿ ಬೆಂದ ಹೂವನ್ನು ನೋಡುತ್ತ ನಿಂತರು. ಅವರ ಹಿರಿಮಗ ನೀರಿನ ಬಾಟಲಿ ಹಿಡಿದು ರೇಡಿಯೇಟರಿನ ಮುಚ್ಚಳ ತೆಗೆಯಲು ಹೋದ, ಕೈ ಸುಟ್ಟುಕೊಳ್ಳುತ್ತೀ ಎಂದು ಗದರಿಸಿ ಹಿಂದೆ ಸರಿಸಿದೆ. ತಾನಾಗಿ ಆರುವ ತನಕ ಕಾಯಬೇಕು, ಬೇರೆ ದಾರಿಯಿಲ್ಲ. ಮೈದುನ ಗಡಿಯಾರ ನೋಡಿಕೊಂಡ. ಮುಹೂರ್ತ ತಪ್ಪೀತು, ಮದುಮಗಳನ್ನು ಬಿಳಿ ಕಾರಿಗೆ ಕೂರಿಸೋಣ ಎಂದ.

ಮಗಳು ಬಾಸಿಂಗ ಸರಿ ಮಾಡಿಕೊಂಡಳು. "ಜ್ವರ ಬಂದ ಎಮ್ಮಿ ಬಿಟ್ಟು ಹೋಗೋ ಡಾಕ್ಟರ್ ಅಲ್ರಿ ಕಾಕಾ ನಾ. ಆರಲಿ ತಗೋರಿ. ಹೊತ್ತದ ಇನ್ನಾ."

ಬದಿಯ ಹೊಲದಲ್ಲಿ ಜೋಳ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ಗಾಡಿಯ ಸುತ್ತ ನಿಂತರು. ಅವರಲ್ಲೊಬ್ಬ ಮುದುಕಿ ಕ್ಯಾನಿನ ತುಂಬ ನೀರು ತಂದಿಟ್ಟು, ಎಲ್ಲರೂ ಕೇಳುವುದನ್ನೇ ಕೇಳಿದಳು: "ಹಿಂದ ಎಲ್ಲಿ ಕೂಡ್ತಾರಬೇ?"

"ಹಿಂದ ಜಾಗಿಲ್ಲ ಆಯಿ," ಎಂದಳು ಮಗಳು.

"ಮತ್ತ ಯಾರ್ ಹೊಡೀತಾರ?"

"ನಮ್ಮವ್ವ."

ಮುದುಕಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಸಿ ಕೈಯಲ್ಲಿ ನಿಂತಿದ್ದೆ. "ಹಂಗಾರ ಊರ ಮುಟ್ತೀರಿ ಬಿಡು," ಎಂದು ಹೇಳಿ ಮತ್ತೆ ಜೋಳಕ್ಕೆ ಹೋದಳು.

ಆರಿದ ಮೇಲೆ ನೀರು ತುಂಬಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿತು. ಕಬ್ಬಿನ ಟ್ರ್ಯಾಕ್ಟರುಗಳು ಅಷ್ಟರಲ್ಲಿ ಮುಂದೆ ಹೋಗಿದ್ದವು, ರಸ್ತೆ ಖಾಲಿ. ಅವತ್ತು ಗಾಡಿ ಓಡಿದ ಹಾಗೆ ಯಾವತ್ತೂ ಓಡಿಲ್ಲ. ಹೂವಿಲ್ಲದ ಬೋಳು ಮೂತಿಗೆ ಗಾಳಿ ನುಗ್ಗುತ್ತಿತ್ತು, ಮುಳ್ಳು ತನ್ನ ಜಾಗಕ್ಕೆ ಬಂದು ಕೂತಿತ್ತು. ಬಾಗಿದ ಜೋಳದ ತೆನೆಗಳು ನಮ್ಮ ಭುಜದ ಎತ್ತರದಲ್ಲಿ ಓಡುತ್ತಿದ್ದವು. ಗೇರಿನ ಹಿಡಿಕೆ ಬೆಚ್ಚಗೆ ಅಂಗೈಯಲ್ಲಿ ನಡುಗುತ್ತಿತ್ತು. ಮಗಳ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅವಳು ಅದನ್ನು ಹಿಡಿಯುವ ಬದಲು ನಗುತ್ತಿದ್ದಳು. ಮದುಮಗಳು ಅಳಬೇಕಂತೆ. ನಾವಿಬ್ಬರೂ ಹಲ್ಲಿಗೆ ಧೂಳು ಹತ್ತುವಷ್ಟು ನಕ್ಕೆವು.

ಪೆಟ್ರೋಲ್ ಬಂಕ್ ಕಂಡಿತು. ಮೈದುನ ಜೀಪಿನಲ್ಲಿ ನಮಗಿಂತ ಮುಂದೆ ಹೋಗಿ, ಇಳಿದು, ರಸ್ತೆಯ ಬದಿಯಲ್ಲಿ ಕೈ ಎತ್ತಿ ನಿಂತಿದ್ದ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಮಗಳ ನಗು ನಿಂತಿತು. ಅವಳು ನನ್ನತ್ತ ತಿರುಗಲಿಲ್ಲ, ಮುಂದೆ ನೋಡುತ್ತ ಕೂತಳು. ಇಲ್ಲಿ ಇಳಿದರೆ ಗಾಡಿ ನಿಂತದ್ದು ನನ್ನ ಹಣೆಯಿಂದಲೇ ಎಂದು ನಾನೇ ಒಪ್ಪಿದ ಹಾಗೆ ಎನಿಸಿತು. ನಾಳೆ ಇವಳಿಗೆ ಮಗು ಆಗುತ್ತದೆ, ತೊಟ್ಟಿಲು ಕಟ್ಟುತ್ತಾರೆ. ಅವತ್ತೂ ನಾನು ಅಡುಗೆಮನೆಯಲ್ಲಿ ಇರುವವಳೇ. ಬ್ರೇಕಿನಿಂದ ಕಾಲು ತೆಗೆದು ಗೇರ್ ಬದಲಿಸಿದೆ. ಮೈದುನ ಎತ್ತಿದ ಕೈ ಎತ್ತಿದ ಹಾಗೆಯೇ ಹಿಂದೆ ಉಳಿದ.

ಹೆದ್ದಾರಿಯ ಬದಿಯಲ್ಲೇ ಇದ್ದ ಮಂಟಪದ ಬಾಗಿಲಿಗೆ ಹೋಗಿ ನಿಲ್ಲಿಸಿದೆ. ಬ್ಯಾಂಡು, ಜನ, ಎದುರಿಗೆ ಆರತಿ ಹಿಡಿದ ಬೀಗತಿ, ಎಂದರೆ ಹುಡುಗನ ತಾಯಿ. ಹಿಂದೆಯೇ ಬಂದ ಬಸ್ಸಿನಿಂದ ನಮ್ಮವರೆಲ್ಲ ಇಳಿದರು. ತಟ್ಟೆಯ ದೀಪ ಕಣ್ಣಿಗೆ ಬಿದ್ದದ್ದೇ ತಡ, ಇಷ್ಟು ಹೊತ್ತಿನ ನನ್ನ ಶೌರ್ಯವೆಲ್ಲ ಎಲ್ಲಿ ಹೋಯಿತೋ, ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು. ಇಳಿದು ಜನರ ಹಿಂದೆ ಸೇರಿಬಿಡೋಣ ಎಂದು. ಮಗಳು ಗೇರಿನ ಮೇಲಿದ್ದ ನನ್ನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೀಗತಿ ನೋಡಿದರು. "ಎಲ್ಲಿ ಹೊಂಟ್ರಿ?" ಎಂದರು. "ಕೂಡ್ರಿ."

ಗಾಡಿ ತಗ್ಗು, ಆರತಿ ಎತ್ತಲು ಅವರು ಸೊಂಟದ ತನಕ ಬಗ್ಗಬೇಕಾಯಿತು. ಸೀಟುಗಳು ಒಂದಕ್ಕೊಂದು ಎಷ್ಟು ಹತ್ತಿರ ಎಂದರೆ ನನ್ನ ಭುಜ ಮಗಳ ಭುಜಕ್ಕೆ ತಾಗಿತ್ತು. ಅವಳೊಬ್ಬಳ ಸುತ್ತ ತಟ್ಟೆ ತಿರುಗಿಸಲು ದಾರಿಯೇ ಇರಲಿಲ್ಲ. ಅವಳಿಗೆ ಎತ್ತಿದರೆ ನನಗೂ ಎತ್ತಬೇಕು. ಬೀಗತಿ ಒಂದು ಗಳಿಗೆ ತಟ್ಟೆ ಹಿಡಿದು ನಿಂತರು, ಆಮೇಲೆ ದೊಡ್ಡದೊಂದು ಸುತ್ತು ಶುರು ಮಾಡಿದರು. ತಟ್ಟೆ ಮಗಳ ಮುಖ ದಾಟಿ ನನ್ನ ಕಡೆ ಬರುತ್ತಿದ್ದ ಹಾಗೆ ಹೆದ್ದಾರಿಯ ಗಾಳಿ ಬೀಸಿ ಜ್ಯೋತಿ ಮಲಗಿತು. ಇನ್ನೇನು ಆರಬೇಕು.

ಗುಂಪಿನಿಂದ ನಾದಿನಿ ನುಗ್ಗಿ ಬಂದರು. ಆರತಿ ಆರುವುದಕ್ಕಿಂತ ಕೆಟ್ಟ ಶಕುನ ಅವರ ಪಾಲಿಗೆ ಇನ್ನೊಂದಿಲ್ಲ. ನನ್ನ ಬದಿಯ ಬಾಗಿಲಿಗೆ ಒತ್ತಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಹರಡಿ, ಗಾಳಿಗೆ ಅಡ್ಡ ಹಿಡಿದರು. ಅವರ ಬೆರಳುಗಳಲ್ಲಿ ಬೆಂದ ಹೂವಿನ ಹಳದಿ ಇನ್ನೂ ಇತ್ತು. ಜ್ಯೋತಿ ನನ್ನ ಮುಖದ ಮುಂದೆ ಎದ್ದು ನೆಟ್ಟಗೆ ನಿಂತಿತು.

"ಸಾವಕಾಶ ತಿರುವ್ರಿ ಬೀಗರ," ಎಂದರು ನಾದಿನಿ. "ನಾ ಹಿಡ್ದೀನಿ."

ತಟ್ಟೆ ನಮ್ಮಿಬ್ಬರ ಸುತ್ತ ಪೂರ್ತಿ ಬಂತು. ನಾನು ಬಾಗಿಲಿನ ಹಿಡಿಕೆಯಿಂದ ಕೈ ತೆಗೆದು ಇಂಜಿನ್ ಆರಿಸಿದೆ.